ಬ್ರೇಕಿನೊಳಗಿನ ಗಾಳಿ

ಕೆರೆಯ ತಿರುವಿನಲ್ಲಿ ಕಾರು ನಿಲ್ಲದೆ ನೀರಿಗಿಳಿದು, ಅದನ್ನು ಓಡಿಸುತ್ತಿದ್ದ ಮಗಳು ಮೈತ್ರಿ ತೀರಿಕೊಂಡು ಹದಿನೇಳು ದಿನಗಳಾಗಿದ್ದವು. ಅದರ ಹಿಂದಿನ ವಾರವಷ್ಟೇ ಆ ಕಾರಿಗೆ ಹೊಸ ಬ್ರೇಕ್ ಆಯಿಲ್ ತುಂಬಿ, ಕೊಳವೆಯಲ್ಲಿ ಸೇರಿದ್ದ ಗಾಳಿಯನ್ನು ಮನೆಯಲ್ಲೇ ತೆಗೆದವನು ಜನಾರ್ದನ. ಗಾಳಿ ಉಳಿದುಬಿಟ್ಟರೆ ಎಷ್ಟು ತುಳಿದರೂ ಬ್ರೇಕ್ ಹಿಡಿಯದು.

ಪೊಲೀಸರು ಬಿಟ್ಟುಕೊಟ್ಟ ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ಹೆಂಡತಿಯನ್ನು ಪೆಡಲಿನ ಮುಂದೆ ಕೂರಿಸಿ, ತಾನು ಚಕ್ರದ ಬಳಿ ಮಲಗಿದ.

"ತುಳಿ. ಹಾಗೇ ಹಿಡ್ಕೋ."

ಚಕ್ರದ ಬ್ರೇಕಿಗೆ ಸಿಕ್ಕಿಸಿದ ಪಾರದರ್ಶಕ ನಳಿಕೆಯಲ್ಲಿ ಆಯಿಲ್ ಇಳಿಯಿತು. ನಾಲ್ಕು ಚಕ್ರ ಮುಗಿದರೂ ಒಂದು ಗುಳ್ಳೆ ಕಾಣಲಿಲ್ಲ.

"ಗಾಳಿ ಇಲ್ವಲ್ಲ. ನಿಮ್ಮ ತಪ್ಪಲ್ಲ ಕಣ್ರೀ, ಏಳಿ ಇನ್ನು," ಎಂದು ಅವಳು ಬಿಕ್ಕಿದಳು.

"ಇನ್ನೊಂದ್ಸಲ ತುಳಿಯೇ," ಎಂದ ಅವನು. "ಬ್ರೇಕ್ ಸರಿಯಿತ್ತು ಅಂದ್ರೆ, ಅವಳು ತುಳೀಲೇ ಇಲ್ಲ ಅಂತಾಗುತ್ತೆ."