ಸೆಲಿನಾಳ ಮೌನವ್ರತ

ಚಾಮುಂಡಮ್ಮ ಬಂದವಳೇ, ನಲ್ಲಿಯ ಕೆಳಗೆ ಅರ್ಧ ತುಂಬಿದ್ದ ಸೆಲಿನಾಳ ಬಿಂದಿಗೆಯನ್ನು ಕಾಲಿನಿಂದ ತಳ್ಳಿ ತನ್ನ ಕೊಡ ಇಟ್ಟಳು. ಬಿಂದಿಗೆ ಉರುಳಿ ನೀರೆಲ್ಲ ಮೋರಿಗೆ ಹೋಯಿತು. ನೀರಿಗೆ ನಿಂತಿದ್ದ ಹೆಂಗಸರೆಲ್ಲ ಸೆಲಿನಾಳ ಮುಖ ನೋಡಿದರು. ಸೆಲಿನಾ ಬಗ್ಗಿ ಬಿಂದಿಗೆ ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತಳು.

ವಿದ್ಯಾರಣ್ಯಪುರದ ಆ ಬೀದಿಗೆ ಇದ್ದದ್ದು ಅದೊಂದೇ ನಲ್ಲಿ. ಇವರಿಬ್ಬರ ಜಗಳ ಕೇಳದೆ ಬೀದಿಗೆ ಬೆಳಗಾಗುತ್ತಲೇ ಇರಲಿಲ್ಲ. ಬೂದಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡು ಚರ್ಚಿನಿಂದ ಬಂದ ಸೆಲಿನಾ, ಈಸ್ಟರ್ ಎನ್ನುವ ಪಾಸ್ಕ ಹಬ್ಬದವರೆಗೆ ಚಾಮುಂಡಮ್ಮನಿಗೆ ತಿರುಗಿ ಒಂದು ಮಾತೂ ಆಡುವುದಿಲ್ಲವೆಂದು ವ್ರತ ತೊಟ್ಟಿದ್ದಳು. ಹಬ್ಬಕ್ಕೆ ಮುಂಚಿನ ಆ ನಲವತ್ತು ದಿನಗಳ ತಪಸ್ಸಿನ ಕಾಲದಲ್ಲಿ ಇಷ್ಟವಾದದ್ದೊಂದನ್ನು ಬಿಡುವುದು ಅವರ ಮನೆಯ ಪದ್ಧತಿ. ಗಂಡ ಜೋಸೆಫ್‌ರಾಜ್ ಬೀಡಿ ಬಿಟ್ಟಿದ್ದ. “ಬೀಡಿ ಆದ್ರೆ ಬುಡಬೋದು ಕಣೆ, ನಿನ್ ಬಾಯಿ ಸುಮ್ನಿರುತ್ತಾ?” ಎಂದು ನಕ್ಕಿದ್ದ.

ಬಾಯಿ ಸುಮ್ಮನಿತ್ತು. ನೋಯಿಸುವವರನ್ನು ಪ್ರೀತಿಯಿಂದ ಸಹಿಸಿಕೊಳ್ಳಿ ಎಂದು ಚರ್ಚಿನ ಸ್ವಾಮಿಗಳು ಪ್ರಸಂಗದಲ್ಲಿ ಹೇಳಿದ್ದು ತನ್ನ ಕೈಲೂ ಆಯಿತಲ್ಲ ಎಂದು ಸೆಲಿನಾಳಿಗೆ ಒಳಗೊಳಗೇ ಹೆಮ್ಮೆ. ಹಬ್ಬಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರವೂ ಕಳೆದಿತ್ತು. ಇನ್ನು ನಾಲ್ಕಾರು ದಿನ ತಡೆದುಕೊಂಡರೆ ವ್ರತ ಪೂರ್ತಿಯಾಗುತ್ತಿತ್ತು.

“ಏನಮ್ಮ ಮದರಮ್ಮನೋರೇ, ಬಾಯಿಗೆ ಬೀಗ ಜಡ್ಕೊಂಡವ್ರೇ?” ಚಾಮುಂಡಮ್ಮ ನಲ್ಲಿಯ ಹತ್ತಿರದಿಂದಲೇ ಕೂಗಿದಳು. ಅವಳು ಸಾಲಿನ ಕಡೆ ತಿರುಗಿದಳು. “ನೋಡ್ರವ್ವ, ನಮ್ಮಪ್ಪ ನಂಜುಂಡೇಶ್ವರನ ವಿಭೂತೀನ ಕದ್ದು ಹಣೆಗಿಕ್ಕೊಂಡ್ಲು. ಅವ್ನು ಬುಡ್ತಾನಾ? ನಾಲ್ಗೇನೇ ಕಿತ್ಕೊಂಡ!”

ಹೆಂಗಸರು ಕಿಸಕ್ಕನೆ ನಕ್ಕರು. ಸೆಲಿನಾಳಿಗೂ ನಗು ಬಂತು. ಅದರ ಹಿಂದೆಯೇ ತಕ್ಕ ಉತ್ತರವೂ ನಾಲಿಗೆಯ ತುದಿಗೆ ಬಂತು. ಎರಡನ್ನೂ ನುಂಗಿಕೊಂಡು, ಮನಸ್ಸಿನಲ್ಲೇ ‘ನಮೋ ಮರಿಯ’ ಜಪ ಹೇಳಿಕೊಳ್ಳುತ್ತ ನೆಲ ನೋಡಿದಳು.

ಚಾಮುಂಡಮ್ಮನ ಕೊಡ ತುಂಬಿ ಚೆಲ್ಲತೊಡಗಿತು. ಅವಳು ಅದನ್ನು ಎತ್ತಿಕೊಳ್ಳದೆ ಸಾಲಿನ ಕೊನೆಯವರೆಗೆ ನಡೆದು ಬಂದು ಸೆಲಿನಾಳ ಎದುರಿಗೆ ನಿಂತಳು.

“ಯಾಕವ್ವ, ನಾನೇನ್ ಸತ್ತೋಗಿದ್ದೀನಾ? ಬೈದ್ರೂ ಇಲ್ಲ, ನೂಕಿದ್ರೂ ಇಲ್ಲ. ಬಿಂದಿಗೆ ಒದ್ನಲ್ಲ, ನಿನ್ ಕಾಲ್ ಮುರಿದೋಗ ಅಂತಾದ್ರೂ ಅನ್ಬಾರ್ದಾ?” ದನಿ ಒಡೆಯಿತು. “ನಮ್ಮನೇಲೂ ಇಂಗೇಯ. ಮಗಂಗೂ ಸೊಸೆಗೂ ನಾನಂದಿದ್ದು ಕೇಳ್ಸೋದೇ ಇಲ್ಲ. ಮುಂದ್ಕೆ ಅನ್ನ ಇಡ್ತಾರೆ, ಗೋಡೆ ನೋಡ್ಕೊಂಡು ಓಯ್ತಾರೆ. ಅವ್ರೇ ಏಳ್ಕೊಟ್ರಾ ನಿಂಗೆ, ಈ ಮುದುಕಿಗೆ ಇಂಗೆ ಮಾಡು ಅಂತ?”

ಸಾಲಿನಲ್ಲಿ ಯಾರೂ ನಗಲಿಲ್ಲ. ಸೆಲಿನಾ ತಲೆಯೆತ್ತಿದಳು. ಇಷ್ಟು ದಿನ ನೆಲ ನೋಡಿಯೇ ನಿಂತಿದ್ದರಿಂದ ಅವಳು ಈ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಕೆನ್ನೆ ಒಳಕ್ಕೆ ಹೋಗಿತ್ತು. ಕಣ್ಣು ತುಂಬಿ ನಿಂತಿತ್ತು. ದೇವರಿಗೆಂದು ತಾನು ಇಟ್ಟ ಮೌನ ದಿನವೂ ಬೆಳಿಗ್ಗೆ ಬಂದು ಬಿದ್ದದ್ದು ಈ ಮುದುಕಿಯ ಮೇಲೆ. ಹೆಮ್ಮೆಯೆಲ್ಲ ಎಲ್ಲಿ ಹೋಯಿತೋ, ಸೆಲಿನಾಳಿಗೆ ನಾಚಿಕೆಯಾಯಿತು. ಸಮಾಧಾನದ ಮಾತು ಹೇಳೋಣವೆಂದುಕೊಂಡಳು. ಆದರೆ ಹಾಗೆ ಹೇಳಿದರೆ ಹತ್ತು ಜನರೆದುರಿಗೆ ಅವಳನ್ನು ಇನ್ನಷ್ಟು ಅಳಿಸಿದಂತಾಗುತ್ತದೆ ಎನ್ನಿಸಿತು.

ಬಿಂದಿಗೆಯನ್ನು ದೊಪ್ಪನೆ ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಅಲ್ಲಾ ಚಾಮುಂಡಮ್ಮನೋರೇ, ಈ ನಲ್ಲೀನ ಮಹಾರಾಜರು ನಿಮಗೇನ್ ಬಳುವಳಿ ಕೊಟ್ರಾ? ನನ್ ಬಿಂದಿಗೆ ಏನಾದ್ರೂ ಸೊಟ್ಟ ಆಗಿದ್ರೆ ಇವತ್ತು ನಿಮ್ ಕಾಲು ಕಟ್ಟಿ ಹಾಕಿಸ್ತಿದ್ದೆ!”

ಚಾಮುಂಡಮ್ಮ ಸೆರಗಿನಿಂದ ಮೂಗೊರೆಸಿ ಸೊಂಟಕ್ಕೆ ಕೈ ಕೊಟ್ಟಳು.

“ಬಂತಪ್ಪ ಬಾಯಿ! ಬಿಂದಿಗೆಯಂತೆ ಬಿಂದಿಗೆ. ಅದು ಉಣ್ಸೇಅಣ್ಣಲ್ಲಿ ತಿಕ್ಕುಸ್ಕೊಂಡು ಯಾವ ಕಾಲ ಆಯ್ತೋ!”

“ಅಂಗಡೀಲಿರೋ ಹುಣಸೇಹಣ್ಣೆಲ್ಲ ನಿಮ್ ನಾಲಿಗೆಗೇ ಸಾಲದಲ್ಲ, ನಮಗೆಲ್ಲಿ ಉಳೀತದೆ?”

“ಅಯ್ ನಿನ್ನ!” ಎಂದು ಚಾಮುಂಡಮ್ಮ ಕೈ ಎತ್ತಿದವಳು, ಬಂದ ನಗುವನ್ನು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಮೇಲೂ ಇಬ್ಬರೂ ಸುಮ್ಮನಾಗಲಿಲ್ಲ. ಅವರ ಅಪ್ಪ, ಇವರ ತಾತ, ಆ ಮನೆಯ ಕೋಳಿ, ಈ ಮನೆಯ ಎಮ್ಮೆ ಎಲ್ಲವೂ ಬೀದಿಗೆ ಬಂದವು. ಅಷ್ಟು ದಿನ ಯಾರದೋ ಸಾವಿಗೆ ಬಂದವರಂತೆ ನೀರು ಹಿಡಿಯುತ್ತಿದ್ದ ಹೆಂಗಸರು ಮೈ ಸಡಿಲಿಸಿ ತಂತಮ್ಮ ಮಾತಿಗೆ ತೊಡಗಿದರು.

ಸೆಲಿನಾ ನೀರು ಹೊತ್ತು ಮನೆಗೆ ಬಂದಾಗ ಜೋಸೆಫ್‌ರಾಜ್ ಅರ್ಧ ಗಡ್ಡ ಬೋಳಿಸಿಕೊಂಡು ಬಾಗಿಲಲ್ಲೇ ನಿಂತಿದ್ದ. “ಕೆಡಿಸ್ಬುಟ್ಟೆಯಲ್ಲೇ! ಇನ್ನೇನು ಹಬ್ಬ ಬಂದ್ಬುಟ್ಟಿತ್ತು. ಪಾಪನಿವೇದನೇಲಿ ಸ್ವಾಮಿಗಳಿಗೆ ಏನಂತ ಹೇಳ್ತೀಯ?”

“ಅದೇ ಯೋಚ್ನೆ ಮಾಡ್ತಿದೀನಿ. ಇವತ್ತು ಮಾತಾಡಿದ್ದನ್ನ ಹೇಳ್ಲಾ, ಇಷ್ಟು ದಿನ ಮಾತಾಡ್ದೆ ಇದ್ದಿದ್ದನ್ನ ಹೇಳ್ಲಾ ಅಂತ,” ಎಂದು ಸೆಲಿನಾ ಒಲೆ ಹಚ್ಚಲು ಕುಳಿತಳು. ಮನಸ್ಸು ಹಗುರವಾಗಿತ್ತು.

ಮರುದಿನ ಅವಳು ಬಾಗಿಲು ತೆಗೆದಾಗ ನಲ್ಲಿಯ ಹತ್ತಿರ ಇನ್ನೂ ಯಾರೂ ಬಂದಿರಲಿಲ್ಲ, ಚಾಮುಂಡಮ್ಮನ ಹೊರತು. ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ತುರುಬು ಕಟ್ಟಿ, ನೆಂಟರ ಮನೆಗೆ ಹೊರಟವಳ ಹಾಗಿದ್ದಳು. ನಲ್ಲಿ ಸುರಿಯುತ್ತಿತ್ತು. ಅವಳು ಖಾಲಿ ಕೊಡವನ್ನು ಸೊಂಟದಲ್ಲೇ ಇಟ್ಟುಕೊಂಡು ಸೆಲಿನಾಳ ಬಾಗಿಲನ್ನೇ ನೋಡುತ್ತ ನಿಂತಿದ್ದಳು.