ಐದನೆಯ ಕಡಗ

ವಿನೆಗರ್ ಬಟ್ಟಲಿಗೆ ಹಾಕಿದ್ದು ನಾಲ್ಕೇ ಕಡಗ ಅಂದುಕೊಂಡಿದ್ದಳು. ಎತ್ತಿದಾಗ ಬಂದದ್ದು ಐದು. ಐದೂ ಫಳಫಳ ಹೊಳೆಯುತ್ತಿದ್ದವು. ಅರವತ್ತು ದಾಟಿದವಳು ಮತ್ತೊಮ್ಮೆ ಎಣಿಸಿದಳು.

ಐದನೆಯದು ತೀರಿಹೋದ ಅಣ್ಣನದು. ಮೂವತ್ತು ವರ್ಷ ಅವನ ಬೆವರು ಕುಡಿದು ಕಂದುಗಪ್ಪಾಗಿದ್ದ ತಾಮ್ರ. ಅದನ್ನು ಜೋಪಾನವಾಗಿ ಎತ್ತಿಟ್ಟು ಅಂಥದ್ದೇ ಬಣ್ಣದ್ದೊಂದನ್ನು ತಾನು ತೊಡಬೇಕೆಂದು ಎರಡು ತಿಂಗಳಿಂದ ಹಟ ಹಿಡಿದಿದ್ದಳು. ಹೊಸ ಕಡಗ ಬಡಿಯುವುದು, ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟು ಕಪ್ಪಾಗಿಸುವುದು, ಅಣ್ಣನದರ ಪಕ್ಕ ಇಟ್ಟು ನೋಡುವುದು, ಹೊಂದದಿದ್ದರೆ ಉಪ್ಪು ಬೆರೆಸಿದ ವಿನೆಗರಿನಲ್ಲಿ ಬಣ್ಣ ಬಿಡಿಸಿ ಮತ್ತೆ ಮೊದಲಿಂದ. ಇವತ್ತು ಬೇಸತ್ತು, ಮೇಜಿನ ಮೇಲಿದ್ದುದನ್ನೆಲ್ಲ ಒಟ್ಟಿಗೆ ಬಾಚಿ ಮುಳುಗಿಸಿ ಬಟ್ಟೆ ಒಣಹಾಕಲು ಹೋಗಿದ್ದಳು.

"ಅಬ್ಬಾ, ಏನ್ ಹೊಳಪು ಅಕ್ಕ!" ಬಾಗಿಲಲ್ಲಿ ನಿಂತ ಪಕ್ಕದ ಮನೆಯಾಕೆ ಸರಿಯಾಗಿ ಅಣ್ಣನದನ್ನೇ ತೋರಿಸಿದಳು. "ಅದು ಹೊಸದಾ?"

"ಹೂಂ. ಈಗಷ್ಟೇ ಹೊಸದಾಯ್ತು."

ಆಕೆ ಹೋದ ಮೇಲೆ ಅಣ್ಣನ ಕಡಗವನ್ನು ಕೈಗೇರಿಸಿಕೊಂಡಳು. ಅದು ಸಡಿಲವಾಗಿ ಜಾರಿತು. ಮೊಣಕೈವರೆಗೆ ಒತ್ತಿ ನಿಲ್ಲಿಸಿದಳು. ಆಮೇಲೆ ಎದ್ದು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೆವರು ಬರಲಿ ಎಂದು ಕಾದು ಕುಳಿತಳು.