ಅಳತೆ ರವಿಕೆ

ಎಲ್ಲ ಸೀರೆಗೂ ಒಪ್ಪುವಂಥ ಒಂದು ಕಪ್ಪು ರವಿಕೆ ಹೊಲಿಸಲು ಗಂಗಾಮಣಿ ತಂದಿದ್ದ ಅಳತೆ ರವಿಕೆಯನ್ನು ಹಾನುಬಾಳಿನ ಟೈಲರ್ ಲೀಲಾ ಅವಳ ಬೆನ್ನಿಗೆ ಹಿಡಿದು ನೋಡಿದಳು. ಭುಜದ ಹೊಲಿಗೆ ತೋಳಿನ ಮೇಲೆ ಜಾರಿತು.

“ಇದು ನಿಮ್ದಲ್ಲ ಕಣ್ರೀ.”

“ನಮ್ಮತ್ತೇದು. ಮದ್ವೆ ಆದಾಗಿಂದ ಅಳತೆಗೆ ಇದನ್ನೇ ಕೊಟ್ಟು ಕಳಿಸ್ತಾರೆ. ಸೊಸೇರು ದೊಗಳೆ ಹಾಕಿದ್ರೇ ಮರ್ಯಾದೆಯಂತೆ.”

ಲೀಲಾ ಅದನ್ನು ಮಡಿಸಿ ಬದಿಗಿಟ್ಟು, ಕೊರಳಲ್ಲಿದ್ದ ಟೇಪು ತೆಗೆದಳು. ಗಂಗಾಮಣಿ ಗೋಡೆಯ ಕಡೆ ತಿರುಗಿ ಕೈ ಎತ್ತಿದಳು. ಟೇಪು ಮೈ ಸುತ್ತಿ ಬಂದು ಎದುರಿಗೆ ಕೂಡಿದಾಗ ತಲೆ ಬಗ್ಗಿಸಿ ಅಂಕಿ ನೋಡಿದಳು.

“ಇಷ್ಟೇನಾ ನಾನು?”

“ಇಷ್ಟೇ. ಹೊಲಿಗೆ ಒಳಗೆ ಬಟ್ಟೆ ಬಿಟ್ಟಿರ್ತೀನಿ. ನಿಮ್ಮತ್ತೆ ಬೈದ್ರೆ ಬಿಚ್ಚಿ ದೊಗಳೆ ಮಾಡ್ಬೋದು.”

ಗಂಗಾಮಣಿ ಮೇಜಿನ ಮೇಲಿದ್ದ ಕತ್ತರಿಯನ್ನು ಅವಳ ಕಡೆ ಸರಿಸಿದಳು.

“ಒಳಗೆ ಬಟ್ಟೆ ಬಿಡೋದು ಬ್ಯಾಡ. ಕತ್ತರಿಸ್ಬುಡು.”